ಏಳನೆಯ ಪ್ರಶ್ನೆಗೆ ಉತ್ತರ

ಮನೆಯಲ್ಲಿ ಏನೇ ಕೆಟ್ಟರೂ ಅದರ ಹಿಂದೆ ತನ್ನ ಕೈ ಇರುತ್ತದೆ ಎಂಬ ಮಾತನ್ನು ಲಿಫ್ಟ್ ಮೆಕ್ಯಾನಿಕ್ ಮದುವೆಯಾದ ಹತ್ತೊಂಬತ್ತು ವರ್ಷಗಳಿಂದಲೂ ಕೇಳಿಸಿಕೊಂಡು ಬಂದಿದ್ದ. ಹಾಗಾಗಿ ಆ ಸೋಮವಾರ ಸಂಜೆ ಅವನು ಬೂಟು ಬಿಚ್ಚುವ ಮೊದಲೇ ಹೆಂಡತಿ, “ನಿಮ್ಮ ಲ್ಯಾಪ್‌ಟಾಪ್ ಮತ್ತೆ ಕೈಕೊಡ್ತು ನೋಡಿ” ಎಂದಾಗ ಅವನಿಗೆ ವಿಶೇಷವೇನೂ ಅನ್ನಿಸಲಿಲ್ಲ. ಲ್ಯಾಪ್‌ಟಾಪ್ ಅವಳದು. ಆರಿಸಿದವಳು ಅವಳು, ದಿನಕ್ಕೆ ಎಂಟು ಗಂಟೆ ಅದರ ಮುಂದೆ ಕೂರುವವಳೂ ಅವಳೇ. ಆದರೆ ಆ ಮನೆಯಲ್ಲಿ ವಸ್ತುಗಳ ಒಡೆತನ ಅವುಗಳ ಆರೋಗ್ಯದ ಮೇಲೆ ನಿಂತಿತ್ತು. ನೆಟ್ಟಗಿರುವ ತನಕ ಅವು ಅವಳವು. ಕೆಟ್ಟ ಕ್ಷಣದಿಂದ ಅವನವು. (ಈ ನಿಯಮದ ಪ್ರಕಾರ ಹಿಂದಿನ ತಿಂಗಳು ನಾಲ್ಕು ದಿನ ಸ್ನಾನದ ಮನೆಯ ನಲ್ಲಿಯೂ ಅವನದಾಗಿತ್ತು.)

ಹೆಂಡತಿ ಬಟ್ಟೆ ಹೊಲಿಯುವವಳಲ್ಲ. ಹೊಲಿಯುವವರಿಗೆ ದಾರಿ ಹಾಕಿಕೊಡುವವಳು. ಅಂಗಿಯ ಒಂದೊಂದು ತುಂಡೂ ಯಾವ ಆಕಾರದಲ್ಲಿರಬೇಕು ಎಂದು ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ಬಟ್ಟೆ ಕಾರ್ಖಾನೆಗೆ ಕಳಿಸುವುದು ಅವಳ ಕೆಲಸ. ಕಳಿಸುವ ಮೊದಲು ಆ ಗೆರೆಗಳನ್ನು ಕಾಗದದ ಮೇಲೆ ತೆಗೆದು, ಬಟ್ಟೆಗೆ ಗುಂಡುಪಿನ್ನಿನಿಂದ ಚುಚ್ಚಿ, ಕತ್ತರಿಸಿ ನೋಡುತ್ತಾಳೆ. ಆಗ ಕೈಯಲ್ಲಿದ್ದದ್ದು ಒಂದು ಆಸ್ಪತ್ರೆಯ ದಾದಿಯರ ಮೇಲಂಗಿ. ಹನ್ನೊಂದು ಅಳತೆ, ಪ್ರತಿ ಅಳತೆಗೆ ಒಂಬತ್ತು ತುಂಡು. ಶುಕ್ರವಾರ ಮಧ್ಯಾಹ್ನದೊಳಗೆ ಎಲ್ಲವೂ ಕಾರ್ಖಾನೆ ಸೇರಬೇಕು. ತಪ್ಪಿದರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ, ಮತ್ತೆ ಇತ್ತ ತಲೆ ಹಾಕುವುದಿಲ್ಲ.

ಇಂಥ ಹೊತ್ತಿನಲ್ಲಿ ಟಚ್‌ಪ್ಯಾಡ್, ಅಂದರೆ ಬೆರಳಾಡಿಸಿ ಪರದೆಯ ಮೇಲಿನ ಬಾಣವನ್ನು ಓಡಿಸುವ ಆ ಅಂಗೈಯಗಲದ ಹಲಗೆ, ಮುಷ್ಕರ ಹೂಡಿತ್ತು. ಗೆರೆ ಎಳೆಯುತ್ತಿರುವಾಗ ಬಾಣ ನಡುದಾರಿಯಲ್ಲಿ ನಿಂತುಬಿಡುತ್ತದೆ. ಅವಳು ಎರಡೂ ಕೈ ಮೇಲೆತ್ತಿ, ಸೂರು ನೋಡಿ, ನಿಟ್ಟುಸಿರು ಬಿಡುತ್ತಾಳೆ. ಮತ್ತೆ ಮುಟ್ಟಿದರೆ ಏನೂ ಆಗೇ ಇಲ್ಲವೆಂಬಂತೆ ಓಡುತ್ತದೆ. ಎಳೆದ ಗೆರೆ ಮಾತ್ರ ಹಾಳಾಗಿರುತ್ತದೆ.

“ಯಾವಾಗಿಂದ ಹೀಗೆ?” ಎಂದು ಕೇಳಿದ.

“ಎರಡು ಮೂರು ವಾರ ಆಯ್ತು.”

“ಮೌಸ್ ಹಾಕ್ಕೊಂಡು ನೋಡು.”

“ಎಲ್ಲಿ ಓಡಿಸ್ಲಿ? ಮೇಜಿನ ತುಂಬ ಬಟ್ಟೆ. ಹೋದ ಸಲ ಮೌಸು ಬಟ್ಟೆ ಕೆಳಗೆ ಸೇರ್ಕೊಂಡು, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದು ಮರೆತ್ರಾ?”

ಮರೆತಿರಲಿಲ್ಲ. ಆ ಮೌಸು ಒಂದು ಮಗ್ಗುಲು ಚಪ್ಪಟೆಯಾಗಿ ಅವನ ಸಲಕರಣೆ ಪೆಟ್ಟಿಗೆಯಲ್ಲಿ ಮಲಗಿತ್ತು. (ಕೆಟ್ಟದ್ದರಿಂದ ಅವನದು.)

ಅವನು ಕುರ್ಚಿ ಎಳೆದುಕೊಂಡು ಕೂತ. ಬೆರಳಿಟ್ಟ. ಬಾಣ ಪರದೆಯ ಈ ತುದಿಯಿಂದ ಆ ತುದಿಗೆ ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ಹತ್ತು ನಿಮಿಷ ಓಡಿಸಿದ, ಒಮ್ಮೆಯೂ ತಡವರಿಸಲಿಲ್ಲ.

“ನನ್ನ ಕೈಲಿ ಚೆನ್ನಾಗೇ ಓಡ್ತಿದೆಯಲ್ಲ.”

“ನಿಮ್ಮನ್ನ ಕಂಡ್ರೆ ಅದಕ್ಕೆ ಭಯ. ಆ ವಿದ್ಯೆ ನನಗೂ ಸ್ವಲ್ಪ ಹೇಳಿಕೊಡಿ.”

ಕಿಟಕಿಯ ಪಕ್ಕದಲ್ಲಿ ಉಣ್ಣೆ ಹೆಣೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಅವರು ಮಗಳ ಮನೆಯಲ್ಲೇ ಇದ್ದರು. ಮಾತಾಡಿದರೆ ಹೆಣಿಗೆಯ ಎಣಿಕೆ ತಪ್ಪುತ್ತದೆಂದು ಸಾಲು ಮುಗಿದಾಗ ಮಾತ್ರ ಬಾಯಿ ಬಿಡುತ್ತಿದ್ದರು. “ಡಾಕ್ಟರ ಮುಂದೆ ಕೂತ ತಕ್ಷಣ ಹಲ್ಲುನೋವು ಹೋಗತ್ತಲ್ಲ, ಹಾಗೆ,” ಎಂದು ಹೇಳಿ ಮುಂದಿನ ಸಾಲಿಗೆ ಹೋದರು.

ಇದರಲ್ಲಿ ಅವನ ಮರ್ಯಾದೆಯೂ ಸಿಕ್ಕಿಕೊಂಡಿತ್ತು. ನಾಲ್ಕು ತಿಂಗಳ ಹಿಂದೆ ಲ್ಯಾಪ್‌ಟಾಪಿನ ಜೊತೆ ಬಂದಿದ್ದ ಆಪರೇಟಿಂಗ್ ಸಿಸ್ಟಮ್ಮನ್ನು ತೆಗೆದು, ಮುಕ್ತವಾದ ಇನ್ನೊಂದನ್ನು ಹಾಕಿದವನು ಅವನೇ. ಲೋಕದ ಮೂಲೆಮೂಲೆಯಲ್ಲಿ ಕೂತವರು ಬಿಡುವಿನಲ್ಲಿ ಸೇರಿಸಿ ಕಟ್ಟಿದ ವ್ಯವಸ್ಥೆ ಅದು. ಅದರ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಅವನಿಗೆ ಅದು ಹಿಡಿಸಿದ್ದು ಇದೇ ಕಾರಣಕ್ಕೆ. ಒಳಗೇನಿದೆ ಎಂದು ತೆರೆದು ನೋಡಲು ಬಿಡದ ಯಾವ ಯಂತ್ರವನ್ನೂ ಅವನು ನಂಬಿದವನಲ್ಲ. ಹಾಕಿದ ಮೇಲೆ ಹೆಂಡತಿಯ ಅನುಕೂಲಕ್ಕೆ ಒಂದೆರಡು ಬದಲಾವಣೆಯನ್ನೂ ಮಾಡಿಕೊಟ್ಟಿದ್ದ. ಇಸ್ತ್ರಿ ಮಾಡುವಾಗ ಅವಳು ಲ್ಯಾಪ್‌ಟಾಪಿನ ಮುಚ್ಚಳ ಹಾಕುತ್ತಿದ್ದಳು; ತೆರೆದಾಗಲೆಲ್ಲ ಅದು ಎದ್ದು ಕಣ್ಣುಜ್ಜಿಕೊಂಡು ಪಾಸ್‌ವರ್ಡ್ ಕೇಳುತ್ತದೆಂದು ಗೊಣಗುತ್ತಿದ್ದಳು. ಮುಚ್ಚಳ ಹಾಕಿದರೂ ನೀನು ಮಲಗಬೇಡ ಎಂದು ಅವನು ಯಂತ್ರಕ್ಕೆ ಹೇಳಿಟ್ಟಿದ್ದ.

ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ಬಾಮೈದನಿಗೆ ಈ ಪ್ರಯೋಗ ಮೊದಲ ದಿನದಿಂದಲೂ ಸೇರಿರಲಿಲ್ಲ. “ಅಕ್ಕಾ, ಭಾವ ಮನೇಲಿ ಲಿಫ್ಟ್ ಇಲ್ಲ ಅಂತ ಇದರ ಮೇಲೆ ಕೈ ಆಡಿಸ್ತಿದಾರೆ,” ಎಂದಿದ್ದ.

“ಶುಕ್ರವಾರ ಸಂಜೆ ನನ್ನ ತಮ್ಮ ಬರ್ತಾನೆ,” ಎಂದು ಹೆಂಡತಿ ಈಗ ತೀರ್ಪು ಕೊಟ್ಟಳು. “ಅಷ್ಟರೊಳಗೆ ಸರಿಹೋಗದಿದ್ರೆ ಅವನು ಇದನ್ನ ಒರೆಸಿ ಹಳೇದೇ ಹಾಕ್ತಾನೆ. ನೀವು ಅಡ್ಡ ಬರಬಾರದು.”

“ಬರಲ್ಲ.”

“ಮುಖ ಊದಿಸ್ಕೊಂಡೂ ಕೂರಬಾರದು.”

ಎರಡನೆಯದಕ್ಕೆ ಅವನು ಕೊಂಚ ಯೋಚಿಸಿ ಒಪ್ಪಿದ.

ಲಿಫ್ಟ್ ಮೆಕ್ಯಾನಿಕ್ಕನಿಗೆ ಇಪ್ಪತ್ತೆರಡು ವರ್ಷದ ಕಸುಬಿನಿಂದ ಎರಡು ಶಿಸ್ತು ಬಂದಿದ್ದವು. ಒಂದು, ಕಂಡದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ರಿಜಿಸ್ಟರಿನಲ್ಲಿ ಬರೆಯುವುದು. ಇನ್ನೊಂದು, ಬಳಸುವವರಿಂದ ಲಕ್ಷಣ ಕೇಳುವುದು, ಕಾರಣ ಕೇಳದಿರುವುದು. ಕಾರಣ ಹೇಳಲು ಬಿಟ್ಟರೆ ಕೆಲಸ ಕೆಟ್ಟಂತೆಯೇ. ಐದನೇ ಮಹಡಿಯ ಒಬ್ಬ ವಕೀಲರು ಲಿಫ್ಟು ನಡುಗುವುದಕ್ಕೆ ಆರನೇ ಮಹಡಿಯವರ ತೂಕವೇ ಕಾರಣವೆಂದು ಲಿಖಿತ ದೂರು ಕೊಟ್ಟು, ಎರಡು ಮನೆಗಳ ನಡುವೆ ಮಾತು ನಿಂತು, ಕೊನೆಗೆ ನೋಡಿದರೆ ಒಂದು ಬೋಲ್ಟು ಸಡಿಲವಾಗಿತ್ತು. ಅಂದಿನಿಂದ ಅವನು ಯಾರಾದರೂ “ಇದು ಯಾಕಾಗ್ತಿದೆ ಅಂದ್ರೆ” ಎಂದು ಶುರುಮಾಡಿದ ಕೂಡಲೇ ಅಂಗೈ ಅಡ್ಡ ಹಿಡಿದು, “ಲಕ್ಷಣ ಮಾತ್ರ ಹೇಳಿ” ಎನ್ನುತ್ತಿದ್ದ.

ಹೊಸ ರಿಜಿಸ್ಟರು ತೆರೆದು, ಇಸ್ತ್ರಿ ಮೇಜಿನ ಪಕ್ಕದ ಮಣೆಯ ಮೇಲೆ ಆಸೀನನಾಗಿ, ಹೆಂಡತಿ ಕೆಲಸ ಮಾಡುವುದನ್ನು ವೀಕ್ಷಿಸತೊಡಗಿದ.

ಹತ್ತೊಂಬತ್ತು ವರ್ಷದಲ್ಲಿ ಅವನು ಇದನ್ನು ನೋಡಿಯೇ ಇರಲಿಲ್ಲ ಎನ್ನುವುದು ಐದು ನಿಮಿಷದಲ್ಲಿ ಗೊತ್ತಾಯಿತು. ಬಲಗೈ ತೋರುಬೆರಳು ಟಚ್‌ಪ್ಯಾಡಿನ ಮೇಲೆ. ಎಡಗೈ ಕೀಲಿಮಣೆಯ ಎಡತುದಿಯ ಒಂದು ಕೀಲಿಯ ಮೇಲೆ. ಅದನ್ನು ಒತ್ತಿ ಹಿಡಿದರೆ ನೇರ ಗೆರೆ ಬಾಗುತ್ತದೆ. ಎಡ ಮಣಿಕಟ್ಟು ಲ್ಯಾಪ್‌ಟಾಪಿನ ಅಂಚಿಗೆ ಒರಗಿರುತ್ತದೆ. ಆ ಮಣಿಕಟ್ಟಿನಲ್ಲಿ ಚರ್ಮದ ಒಂದು ಪಟ್ಟಿ, ಅದರ ಮೇಲೆ ಕಪ್ಪು ಬಿಲ್ಲೆ, ಬಿಲ್ಲೆಯ ತುಂಬ ಮುಳ್ಳುಹಂದಿಯಂತೆ ನಿಮಿರಿದ ಗುಂಡುಪಿನ್ನುಗಳು. ಮೂರು ವಾರದ ಹಿಂದೆ ಅವನೇ ಮಾಡಿಕೊಟ್ಟ ಉಡುಗೊರೆ. ಅಂಗಡಿಯ ಪಟ್ಟಿಗಳು ಕೈ ಕೊಡವಿದರೆ ಪಿನ್ನು ಉದುರಿಸುತ್ತವೆ ಎಂದು ಅವಳು ಅಂದಿದ್ದಳು. ಗುಜರಿಗೆ ಹೊರಟಿದ್ದ ಹಳೇ ಲಿಫ್ಟಿನ ಅಯಸ್ಕಾಂತವೊಂದನ್ನು ಅವನು ತಂದು, ಅಂಚು ಅರದಿಂದ ಉಜ್ಜಿ, ಚರ್ಮಕ್ಕೆ ಕೂರಿಸಿದ್ದ. ಆರು ಜನರನ್ನು ಹೊತ್ತ ಲಿಫ್ಟಿಗೆ ದಾರಿ ತೋರಿದ ಅಯಸ್ಕಾಂತ. ಪಿನ್ನನ್ನು ಕಿತ್ತರೂ ಬಿಡುತ್ತಿರಲಿಲ್ಲ. ಅದನ್ನು ನೋಡಿ ಈಗಲೂ ಹೆಮ್ಮೆಪಟ್ಟ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಅದು ಉಡುಗೊರೆ, ವೀಕ್ಷಣೆಯ ವಸ್ತುವಲ್ಲ.

“ಕಂಕುಳದ ತಿರುವು ಹಿಂದಕ್ಕಿಂತ ಮುಂದೆ ಯಾಕೆ ಜಾಸ್ತಿ ಒಳಗೆ ಹೋಗಿದೆ?” ಎಂದು ಕೇಳಿದ.

“ಕೈ ಮುಂದಕ್ಕೆ ಬರತ್ತಲ್ಲ, ಹಿಂದಕ್ಕಲ್ಲ. ಮುಂದೆ ಬಟ್ಟೆ ಹೆಚ್ಚಿದ್ರೆ ಮುದ್ದೆಯಾಗತ್ತೆ.”

ಅವನು ಎರಡೂ ಕೈ ಮುಂದೆ ಚಾಚಿ, ಹಿಂದೆ ಚಾಚಿ, ತನ್ನ ಅಂಗಿಯ ಕಂಕುಳವನ್ನು ಬಗ್ಗಿ ನೋಡಿಕೊಂಡ. ನಿಜವಾಗಿತ್ತು. ಇಷ್ಟು ವರ್ಷ ಅಂಗಿ ತೊಟ್ಟವನಿಗೆ ಇದು ಗೊತ್ತಿರಲಿಲ್ಲ. ಅದನ್ನೂ ಬರೆದುಕೊಂಡ.

ಆ ಸಂಜೆ ಬಾಣ ಏಳು ಸಲ ನಿಂತಿತು. ಏಳರಲ್ಲಿ ಆರು ಕಂಕುಳದ ತಿರುವಿನಲ್ಲೇ. ನೇರ ಗೆರೆಗೆ ತಕರಾರಿಲ್ಲ, ಬಾಗಿದ ಗೆರೆಗೆ ಮಾತ್ರ. ಟಚ್‌ಪ್ಯಾಡಿಗೆ ತಿರುವು ಕಂಡರೆ ಆಗದು ಎಂಬ ಸಿದ್ಧಾಂತ ಅವನ ಮನಸ್ಸಿನಲ್ಲಿ ಮೊಳೆಯಿತು.

ಮಂಗಳವಾರ ಬೆಳಿಗ್ಗೆ ಚಹಾ ಹೀರುತ್ತ ಟಚ್‌ಪ್ಯಾಡಿನ ಡ್ರೈವರ್ ತೆರೆದ. ಡ್ರೈವರ್ ಅಂದರೆ ಯಂತ್ರದ ಒಂದು ಅಂಗಕ್ಕೂ ಉಳಿದ ವ್ಯವಸ್ಥೆಗೂ ನಡುವೆ ನಿಂತು ಮಾತು ದಾಟಿಸುವ ದುಭಾಷಿ. ದುಭಾಷಿ ಎಡವಿದರೆ ಇಬ್ಬರೂ ಮೂಗರಾಗುತ್ತಾರೆ. ಸಾವಿರಾರು ಸಾಲು ಕೋಡ್; ಅವನಿಗೆ ಪೂರ್ತಿ ಅರ್ಥವಾಗದಿದ್ದರೂ ಲಿಫ್ಟಿನ ವೈರಿಂಗ್ ನಕ್ಷೆ ಓದಿದ ಅಭ್ಯಾಸದಿಂದ ಯಾವುದು ಯಾವುದಕ್ಕೆ ಹೋಗಿ ಸೇರುತ್ತದೆ ಎನ್ನುವುದು ಮಸುಕುಮಸುಕಾಗಿ ಕಂಡಿತು. ಎಷ್ಟು ಬೆರಳು, ಎಷ್ಟು ಒತ್ತಡ, ಬೆರಳೋ ಅಂಗೈಯೋ ಎಂದು ಡ್ರೈವರ್ ಸೆಕೆಂಡಿಗೆ ನೂರು ಸಲ ಕೇಳಿಕೊಳ್ಳುತ್ತದೆ. ಒಂದು ಹಲಗೆಗೆ ಇಷ್ಟು ಅನುಮಾನವೇ ಎಂದು ಅವನಿಗೆ ಅದರ ಮೇಲೆ ಗೌರವ ಹುಟ್ಟಿತು. ಚಹಾ ಆರಿತು.

ಅಂಗೈ ಎಂಬ ಪದ ಕಂಡದ್ದೇ ಮೊದಲ ಸಿದ್ಧಾಂತ ಬಿದ್ದು ಎರಡನೆಯದು ಎದ್ದಿತು. ಹೆಂಡತಿಯ ಎಡ ಅಂಗೈ ಹಲಗೆಗೆ ತಾಗುತ್ತಿರಬೇಕು. ಡ್ರೈವರ್ ಗಲಿಬಿಲಿಗೊಂಡು ಕೈಕಟ್ಟಿ ಕೂರುತ್ತಿರಬೇಕು. ಸಂಜೆ ಬಂದು ಆರು ಸಾಲು ತಿದ್ದಿ, ಹಲಗೆಯ ಎಡಭಾಗದಲ್ಲಿ ಏನು ತಾಗಿದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಅಪ್ಪಣೆ ಮಾಡಿದ. ಹೆಂಡತಿ ಕೂತು ನೋಡಿದಳು. ಬೆರಳು ಹಲಗೆಯ ಎಡಕ್ಕೆ ಬಂದಾಗಲೆಲ್ಲ ಬಾಣ ನಿಂತಿತು.

“ಈಗ ಬಲತೋಳು ಚೆನ್ನಾಗಿ ಬರತ್ತೆ. ಎಡತೋಳಿಗೆ ಪ್ರವೇಶವಿಲ್ಲ.”

“ಸದ್ಯಕ್ಕೆ ಬಲತೋಳುಗಳನ್ನೆಲ್ಲ ಮುಗಿಸಿಬಿಡು.”

“ದಾದಿಯರಿಗೆ ಎರಡೂ ಕೈ ಇರ್ತವೆ ಕಣ್ರೀ.”

ತಿದ್ದಿದ್ದನ್ನು ಅಳಿಸಿದ. ಬೆಳಿಗ್ಗೆ ಹೊರಡುವ ಮುನ್ನ ಆ ವ್ಯವಸ್ಥೆಯ ದೂರುಗಳ ಪುಟದಲ್ಲಿ ಅವನು ಒಂದು ದೂರನ್ನೂ ಬರೆದಿದ್ದ. ಲೋಕವೆಲ್ಲ ನೋಡಬಹುದಾದ ಪುಟ ಅದು. ಅಲ್ಲೀಗ ಉತ್ತರ ಬಂದಿತ್ತು. ಟಚ್‌ಪ್ಯಾಡ್ ಡ್ರೈವರಿನ ಉಸ್ತುವಾರಿ ಹೊತ್ತವನು ಎಲ್ಲಿಯವನೋ ಯಾರಿಗೂ ತಿಳಿಯದು. ‘ಮರಕುಟಿಗ’ ಎಂಬ ಅಡ್ಡಹೆಸರಿನಲ್ಲಿ ಬರೆಯುತ್ತಿದ್ದ. ಕುಟ್ಟಿದಂತೆ ಒಂಬತ್ತು ಪ್ರಶ್ನೆ ಕೇಳಿದ್ದ. ಯಂತ್ರದ ಮಾದರಿ ಯಾವುದು, ಬ್ಯಾಟರಿಯಲ್ಲಿ ಓಡುವಾಗಲೂ ಆಗುತ್ತದೆಯೇ, ಕೈ ಒದ್ದೆಯಿರುತ್ತದೆಯೇ, ಹೀಗೆ. ಏಳನೆಯ ಪ್ರಶ್ನೆ: “ಹತ್ತಿರದಲ್ಲಿ ಅಯಸ್ಕಾಂತವೇನಾದರೂ ಇದೆಯೇ?”

ಲಿಫ್ಟ್ ಮೆಕ್ಯಾನಿಕ್ ಕೂತಲ್ಲಿಂದ ಏಳದೆ ಉತ್ತರ ಬರೆದ. “ಇಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಅಯಸ್ಕಾಂತಗಳ ನಡುವೆ ಕೆಲಸ ಮಾಡುವವನು. ಇದ್ದಿದ್ದರೆ ನನ್ನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.” (ಕೇಳಿದ್ದು ಒಂದು ಪದದ ಉತ್ತರ. ಉಳಿದದ್ದು ಅವನ ಸ್ವಂತ ಕೊಡುಗೆ.)

ಬುಧವಾರ ಸಂಜೆ ಬಾಗಿಲು ತೆರೆದಾಗ ಹೆಂಡತಿಯ ಮುಖ ಅರಳಿತ್ತು.

“ರೀ, ಇವತ್ತು ಏನಾಯ್ತು ಗೊತ್ತಾ? ಇದು ಯಾಕೆ ಕೆಡ್ತಿದೆ ಅಂದ್ರೆ…”

ಅಂಗೈ ಅಡ್ಡ ಬಂತು. “ಲಕ್ಷಣ ಮಾತ್ರ.”

“ಅಲ್ಲ, ಕೇಳಿ, ಕೈ ತೊಳೆಯೋಕೆ ಹೋದಾಗ ನಾನು…”

“ಕಾರಣದ ಕಡೆ ಹೋಗ್ತಿದೀಯ. ಒಂದು ಸಲ ನೀನು ಕಾರಣ ಹೇಳಿಬಿಟ್ರೆ ನನ್ನ ತಲೇಲಿ ಅದೇ ಕೂತ್ಕೊಳತ್ತೆ. ಏನು ಕಂಡೆ, ಎಷ್ಟು ಹೊತ್ತಿಗೆ ಕಂಡೆ, ಅಷ್ಟು ಹೇಳು.”

ಮೂರನೆಯ ಸಲ ಬಾಯಿ ತೆರೆದಳು. ಅವನು ಅಂಗೈ ಇಳಿಸಿಯೇ ಇರಲಿಲ್ಲ. ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಸಾಲು ಮುಗಿಸಿ, “ಅಳಿಯಂದ್ರು ಕೇಳಿದಷ್ಟೇ ಹೇಳಮ್ಮ,” ಎಂದರು.

“ಸರಿ. ಬರ್ಕೊಳ್ಳಿ,” ಎಂದಳು. “ನೀವು ಬೆಳಿಗ್ಗೆ ಹೋದ ಮೇಲೆ ಹನ್ನೊಂದು ಗಂಟೆವರೆಗೆ ಕೆಟ್ಟಿತು. ಹನ್ನೊಂದರಿಂದ ಐದರವರೆಗೆ ಒಂದ್ಸಲಾನೂ ಕೆಡಲಿಲ್ಲ.”

ಬರೆದುಕೊಂಡ. ಆಮೇಲೆ ಅವಳು ಬಟ್ಟೆಗೆ ಪಿನ್ನು ಚುಚ್ಚಬೇಕಿತ್ತು, ಪಟ್ಟಿ ಕಟ್ಟಿಕೊಂಡಳು. ಹತ್ತು ನಿಮಿಷದಲ್ಲಿ ಬಾಣ ನಿಂತಿತು. ಮತ್ತೆ ನಿಂತಿತು, ಮತ್ತೆ. ಅವನು ರಿಜಿಸ್ಟರು ನೋಡಿದ, ಗಡಿಯಾರ ನೋಡಿದ. ಅವನಿಲ್ಲದ ಆರು ಗಂಟೆ ಸುಸೂತ್ರ. ಅವನು ಬಂದ ಕಾಲು ಗಂಟೆಯಲ್ಲಿ ಮೂರು ಸಲ. (ಹನ್ನೊಂದರ ಮೊದಲು ಅವನಿಲ್ಲದೆಯೂ ಕೆಟ್ಟದ್ದು ಲೆಕ್ಕಕ್ಕೆ ಒಗ್ಗಲಿಲ್ಲ, ಅದನ್ನು ಬಿಟ್ಟ.)

“ನಾನು ಮನೇಲಿದ್ರೆ ಕೆಡತ್ತೆ,” ಎಂದ ನಿಧಾನವಾಗಿ.

“ಅದನ್ನ ನಾನು ಹೇಳಲಿಲ್ಲ,” ಎಂದಳು ಹೆಂಡತಿ. “ನಾನು ಲಕ್ಷಣ ಹೇಳಿದೆ ಅಷ್ಟೆ.”

ಈ ಮೂರನೆಯ ಸಿದ್ಧಾಂತ ಅವನಿಗೆ ಅವಮಾನವಾಗಿ ಕಾಣಲಿಲ್ಲ, ಕುತೂಹಲವಾಗಿ ಕಂಡಿತು. ದಿನವಿಡೀ ಮೋಟಾರುಗಳ ನಡುವೆ ಇರುವ ಮನುಷ್ಯನ ಮೈಯಲ್ಲಿ ವಿದ್ಯುತ್ತು ಉಳಿದಿರಬಾರದೇಕೆ? ಗುರುವಾರ ಸಂಜೆ ಅವನು ವಿಧಿವತ್ತಾಗಿ ಪರೀಕ್ಷೆಗೆ ತೊಡಗಿದ. ಮೊದಲು ಫೋನ್ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ನಿಂತ.

“ಈಗ?” ಎಂದು ಫೋನಿನಲ್ಲಿ ಕೇಳಿದ.

“ಓಡ್ತಿದೆ.”

“ಒಳಗೆ ಬರ್ತಿದೀನಿ. ಬಾಗಿಲ ಹತ್ರ ಇದೀನಿ. ಈಗ?”

“ಓಡ್ತಿದೆ.”

“ಸೋಫಾ ದಾಟಿದೆ. ಈಗ?”

“ಅಯ್ಯೋ, ನಿಂತ್ಹೋಯ್ತು.”

ಬೂಟು ಬಿಚ್ಚಿ ಬಂದ, ನಿಂತಿತು. ಕೆಲಸದ ಅಂಗಿ ಬದಲಿಸಿ ಬಂದ, ನಿಂತಿತು. ಸ್ನಾನ ಮಾಡಿ, ಬರಿಗಾಲಲ್ಲಿ, ಫೋನನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಬಂದ, ಆಗಲೂ ನಿಂತಿತು. ಪಕ್ಕದ ಮನೆಯವರು ಏನೆಂದು ಕೇಳಿದರು; ಪ್ರಯೋಗ ಎಂದ. ಟೇಪು ಹಿಡಿದು ಅಳೆದಾಗ ನಾಲ್ಕು ಮೀಟರಿನ ಒಳಗೆ ಅವನು ಬಂದರೆ ಟಚ್‌ಪ್ಯಾಡ್ ಸಾಯುತ್ತದೆ ಎಂದು ಖಚಿತವಾಯಿತು. ನಡುವೆ ಅತ್ತೆಗೆ ಕೆಮ್ಮು ಬಂದು ಅವರು ಅಡುಗೆಮನೆಗೆ ಹೋಗಬೇಕಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಅವರ ಹೆಣಿಗೆಯ ಎಣಿಕೆ ತಪ್ಪಿತ್ತು.

ಕಂಡದ್ದನ್ನು ಕಂಡಂತೆ ಮರಕುಟಿಗನಿಗೆ ಬರೆದ. ಅರ್ಧ ಗಂಟೆಯಲ್ಲಿ ಉತ್ತರ ಬಂತು. “ಇದು ಹಿಂದಿನ ದೂರಿಗಿಂತ ಬೇರೆಯಾಗಿ ಕಾಣುವುದರಿಂದ ಪ್ರತ್ಯೇಕ ದೂರಾಗಿ ದಾಖಲಿಸಿದ್ದೇನೆ. ಶೀರ್ಷಿಕೆ: ಗಂಡ ನಾಲ್ಕು ಮೀಟರಿನೊಳಗಿದ್ದರೆ ಟಚ್‌ಪ್ಯಾಡ್ ಕೆಲಸ ಮಾಡುವುದಿಲ್ಲ. ಯಂತ್ರದ ಮಾದರಿ ಸಂಖ್ಯೆ ಕೊಟ್ಟಿದ್ದೀರಿ, ವಂದನೆ. ಗಂಡನ ವಿವರಗಳೂ ಬೇಕು: ತಯಾರಾದ ವರ್ಷ, ಎಷ್ಟು ಕಾಲದಿಂದ ಬಳಕೆಯಲ್ಲಿದೆ?”

ಮರಕುಟಿಗ ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲಿಲ್ಲ. ಎರಡಕ್ಕೂ ಸರಿಯಾದ ಉತ್ತರ ಬರೆದ.

ಶುಕ್ರವಾರ ಬೆಳಿಗ್ಗೆ ಆರು ಮಹಡಿಯ ಒಂದು ಕಟ್ಟಡದಿಂದ ಕರೆ ಬಂತು. ಲಿಫ್ಟು ಎರಡನೇ ಮಹಡಿ ದಾಟಿ, ಮೂರನೆಯದು ಮುಟ್ಟದೆ, ಗೋಡೆಗೆ ಎದುರಾಗಿ ನಿಂತು ಬಾಗಿಲು ತೆರೆಯಲು ನೋಡುತ್ತಿತ್ತು. ಮೂರನೇ ಮಹಡಿಯ ಅಜ್ಜಿಯೊಬ್ಬರು, “ನೋಡಪ್ಪ, ರಾತ್ರಿ ಒಳಗೆ ಏನೋ ಕಳಚಿದ ಹಾಗೆ ಸದ್ದಾಯ್ತು, ಅದಕ್ಕೇ” ಎಂದು ಶುರುಮಾಡಿದರು. ಅವನು ಅಂಗೈ ಅಡ್ಡ ಹಿಡಿದ. “ಲಕ್ಷಣ ಮಾತ್ರ ಹೇಳಿ ಅಜ್ಜಿ.” ಅಜ್ಜಿ ಬಾಗಿಲು ಹಾಕಿಕೊಂಡರು.

ಲಿಫ್ಟಿನ ನೆತ್ತಿಗೆ ಹತ್ತಿ ಟಾರ್ಚು ಹಿಡಿದ. ಹಳಿಯ ಮೇಲೆ ಪ್ರತಿ ಮಹಡಿಗೂ ಒಂದೊಂದು ಅಯಸ್ಕಾಂತ ಇರುತ್ತದೆ. ಲಿಫ್ಟಿಗೆ ಕಣ್ಣಿಲ್ಲ, ಅಯಸ್ಕಾಂತ ಎದುರಾದರೆ ಮಹಡಿ ಬಂತು ಎಂದುಕೊಳ್ಳುತ್ತದೆ. ಮೂರನೇ ಮಹಡಿಯದು ಕಳಚಿ ಅರ್ಧ ಮಹಡಿ ಕೆಳಗೆ ಜಾರಿ ಅಂಟಿಕೊಂಡಿತ್ತು. ಅದನ್ನು ಕಿತ್ತು ಕೈಯಲ್ಲಿ ಹಿಡಿದ. ಕಪ್ಪು ಬಿಲ್ಲೆ. ಎಲ್ಲೋ ನೋಡಿದ ಹಾಗಿತ್ತು.

ಅವನು ಬಿಲ್ಲೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಲಿಫ್ಟಿಗೆ ಮಹಡಿ ಬಂತೆಂದು ಗೊತ್ತಾಗುವುದು ಅಯಸ್ಕಾಂತದಿಂದ. ಲ್ಯಾಪ್‌ಟಾಪಿಗೂ ಕಣ್ಣಿಲ್ಲ. ಹಾಗಾದರೆ ತನ್ನ ಮುಚ್ಚಳ ಹಾಕಿದೆ ಎಂದು ಅದಕ್ಕೆ ಗೊತ್ತಾಗುವುದು ಯಾವುದರಿಂದ? ಮುಚ್ಚಳದ ಅಂಚಿನಲ್ಲಿ ಪುಟ್ಟ ಅಯಸ್ಕಾಂತ, ಕೆಳಗೆ ಎಡಮೂಲೆಯಲ್ಲಿ ಅದನ್ನು ಗುರುತಿಸುವ ಬಿಂದು. ಆ ಎಡಮೂಲೆಗೆ ಒರಗುವ ಮಣಿಕಟ್ಟು. ಮಣಿಕಟ್ಟಿನ ಮೇಲೆ ಆರು ಜನರನ್ನು ಹೊತ್ತ ಲಿಫ್ಟಿಗೆ ದಾರಿ ತೋರಿದ…

ಅಯಸ್ಕಾಂತವನ್ನು ಸ್ವಸ್ಥಾನದಲ್ಲಿ ಕೂರಿಸಿ, ಅಜ್ಜಿಯ ಬಾಗಿಲು ತಟ್ಟಿ ಕ್ಷಮೆ ಕೇಳಿ, ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ಹೆಂಡತಿ ಮೇಜಿನ ಹತ್ತಿರ ಬಟ್ಟೆ ಮಡಚುತ್ತಿದ್ದಳು. ಅವನು ಅವಳ ಪಟ್ಟಿಯನ್ನು ತೆ‌ಗೆದುಕೊಂಡು ಲ್ಯಾಪ್‌ಟಾಪಿನ ಎಡಮೂಲೆಯ ಮೇಲೆ ಇಟ್ಟ. ಬಾಣ ಸತ್ತಿತು. ಎತ್ತಿದ. ಬದುಕಿತು. ಇಟ್ಟ. ಸತ್ತಿತು. ಮುಚ್ಚಳ ಹಾಕಿದೆ ಎಂದುಕೊಂಡ ಡ್ರೈವರ್ ಟಚ್‌ಪ್ಯಾಡನ್ನು ಮಲಗಿಸುತ್ತಿತ್ತು. ನೀನು ಮಲಗಬೇಡ ಎಂದು ಅವನು ಹೇಳಿಟ್ಟಿದ್ದರಿಂದ ಉಳಿದ ಯಂತ್ರ ಎಚ್ಚರವಾಗಿಯೇ ಇರುತ್ತಿತ್ತು. ಪಟ್ಟಿಗೂ ಆ ಅಪ್ಪಣೆಗೂ, ಎರಡಕ್ಕೂ ಸಹಿ ಅವನದೇ.

ತಿರುಗಿ ನೋಡಿದ. ಹೆಂಡತಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

“ನಿನಗೆ ಗೊತ್ತಿತ್ತಾ?”

“ಬುಧವಾರದಿಂದ. ಕೈ ತೊಳೆಯೋಕೆ ಪಟ್ಟಿ ಬಿಚ್ಚಿಟ್ಟೆ, ಮರೆತು ಹಾಗೇ ಕೂತೆ. ಸಂಜೆವರೆಗೂ ಕೆಡಲಿಲ್ಲ.”

“ಮತ್ತೆ ಹೇಳಲಿಲ್ಲ ಯಾಕೆ?”

“ಕಾರಣ ಹೇಳಬೇಡ ಅಂದ್ರಲ್ಲ. ಮೂರು ಸಲ. ರಿಜಿಸ್ಟರಲ್ಲಿ ಇರಬೇಕು, ನೋಡಿ.”

ನೋಡಿದ. ಇತ್ತು. ‘ಬುಧವಾರ, 6.40. ಹೆಂಡತಿ ಕಾರಣ ಹೇಳಲು ಬಂದಳು. ತಡೆಯಲಾಯಿತು.’ ಅಚ್ಚುಕಟ್ಟಾದ ಅವನದೇ ಅಕ್ಷರ.

“ದಾದಿಯರ ಅಂಗಿ?”

“ನಿನ್ನೆ ಮಧ್ಯಾಹ್ನವೇ ಕಳಿಸಿದೆ. ಹನ್ನೊಂದು ಅಳತೆಯೂ.”

“ಹಾಗಾದ್ರೆ ನಿನ್ನೆ ಸಂಜೆ ನಾನು ಮೆಟ್ಟಿಲ ಮೇಲೆ, ಸ್ನಾನ ಮಾಡಿ, ಬರಿಗಾಲಲ್ಲಿ…”

“ಅದು ಅಮ್ಮನ ಐಡಿಯಾ.”

ಅತ್ತೆ ಹೆಣಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಎಣಿಸತೊಡಗಿದರು.

ಹೆಂಡತಿ ಅವನ ಕೈಯಿಂದ ಪಟ್ಟಿ ತೆಗೆದುಕೊಂಡು ಪಿನ್ನುಗಳನ್ನು ಸರಿಮಾಡಿದಳು. “ಹತ್ತೊಂಬತ್ತು ವರ್ಷದಲ್ಲಿ ನೀವು ನನ್ನ ಕೆಲಸದ ಬಗ್ಗೆ ಕೇಳಿದ್ದೆಲ್ಲ ಸೇರಿಸಿದ್ರೂ ಈ ನಾಲ್ಕು ದಿನದಷ್ಟು ಆಗಲ್ಲ. ಬೇಗ ಮುಗಿಸಿಬಿಡೋಕೆ ಮನಸ್ಸಾಗಲಿಲ್ಲ,” ಎಂದಳು. ಅವನು ರಿಜಿಸ್ಟರು ಮುಚ್ಚಿ, “ಸರಿ, ಇನ್ಮೇಲೆ ಪಟ್ಟಿ ಬಿಚ್ಚಿಟ್ಟು ಕೆಲಸ ಮಾಡು” ಎಂದ.

“ಪಟ್ಟಿ ಬಿಚ್ಚಿಡೋದು ರಿಪೇರಿ ಹೇಗಾಗತ್ತೆ? ಪಿನ್ನಿಗೆ ನನಗದು ಬೇಕು. ನೀವು ಮಾಡಿಕೊಟ್ಟಿದ್ದು ಬೇರೆ. ತಮ್ಮ ಆರು ಗಂಟೆಗೆ ಬರ್ತಾನೆ.”

ಅವನು ಮೇಜಿಗೆ ಕೂತ. ಲಿಫ್ಟಿನಲ್ಲಿ ಒಳಗಿನಿಂದ ಗುಂಡಿ ಒತ್ತಿದರೆ, ಉಳಿದ ಉಪಕರಣಗಳೆಲ್ಲ ಯಾರೂ ಇಲ್ಲವೆಂದು ಸಾಕ್ಷಿ ಹೇಳಿದರೂ, ಒಳಗೆ ಮನುಷ್ಯರಿದ್ದಾರೆ ಎಂದೇ ಅರ್ಥ. ಹಾಗೆಯೇ ಕೀಲಿಮಣೆಯ ಕೀಲಿ ಯಾರೋ ಒತ್ತುತ್ತಿದ್ದಾರೆಂದರೆ ಮುಚ್ಚಳ ತೆರೆದೇ ಇರಬೇಕು. ಹಾಕಿದ ಮುಚ್ಚಳದ ಕೆಳಗೆ ಯಾರ ಬೆರಳೂ ಹೋಗುವುದಿಲ್ಲ. ಕಂಕುಳದ ತಿರುವು ಎಳೆಯುವಾಗ ಹೆಂಡತಿ ಒಂದು ಕೀಲಿ ಒತ್ತಿಯೇ ಇರುತ್ತಾಳೆ. ಡ್ರೈವರಿಗೆ ಈ ಲೋಕಜ್ಞಾನ ಇರಲಿಲ್ಲ. ನಾಲ್ಕು ಸಾಲಿನಲ್ಲಿ ಅದನ್ನು ಕಲಿಸಿದ. ಪಟ್ಟಿ ಕಟ್ಟಿದ ಕೈಯಿಂದ ಹೆಂಡತಿ ತಿರುವು ಎಳೆದಳು. ಬಾಣ ನಿಲ್ಲದೆ ಓಡಿತು. ಇಪ್ಪತ್ತು ಸಲ ಎಳೆದಳು. ಇಪ್ಪತ್ತನ್ನೂ ಅವನು ರಿಜಿಸ್ಟರಿನಲ್ಲಿ ಬರೆದ.

ನಾಲ್ಕು ಸಾಲನ್ನು ಮರಕುಟಿಗನಿಗೆ ಕಳಿಸಿ, ಕೆಳಗೆ ಸೇರಿಸಿದ: “ಏಳನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪು. ಅಯಸ್ಕಾಂತ ಇತ್ತು. ನಾನೇ ಮಾಡಿಕೊಟ್ಟದ್ದು. ಅದನ್ನು ಮೊದಲು ಪತ್ತೆಹಚ್ಚಿದವಳು ನನ್ನ ಹೆಂಡತಿ.” ಈ ನಾಲ್ಕು ವಾಕ್ಯಕ್ಕೆ ನಾಲ್ಕು ಸಾಲಿನ ಕೋಡಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಆರು ಗಂಟೆಗೆ ಬಾಮೈದ ಪೆನ್‌ಡ್ರೈವ್ ಬೆರಳಲ್ಲಿ ತಿರುಗಿಸುತ್ತ ಬಂದ. ಕೂತ, ಓಡಿಸಿದ, ಅಕ್ಕನಿಂದ ಓಡಿಸಿ ನೋಡಿದ. ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ.

“ಪರವಾಗಿಲ್ಲ ಭಾವ. ಏನಾಗಿತ್ತು?”

ಲಿಫ್ಟ್ ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಹೆಂಡತಿ ಅಂಗೈ ಅಡ್ಡ ಹಿಡಿದಳು. “ಕಾರಣ ಕೇಳಬೇಡ ಕಣೋ. ಈ ಮನೇಲಿ ಲಕ್ಷಣ ಮಾತ್ರ ಹೇಳೋದು.”

ಅವನು ಕೃತಜ್ಞತೆಯಿಂದ ಅವಳನ್ನು ನೋಡಿದ. ಆ ಕೃತಜ್ಞತೆ ಅರ್ಧ ನಿಮಿಷ ಬಾಳಿತು. ಪರದೆಯ ಮೇಲೆ ಮರಕುಟಿಗನ ಉತ್ತರ ಬಂದು ಕೂತಿತು. ಬಾಮೈದ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ.

“ನಿಮ್ಮ ನಾಲ್ಕು ಸಾಲು ಸ್ವೀಕರಿಸಿದ್ದೇನೆ. ಮುಂದಿನ ಬಿಡುಗಡೆಯಲ್ಲಿ ಎಲ್ಲರ ಯಂತ್ರಕ್ಕೂ ಹೋಗುತ್ತವೆ. ದಾಖಲೆಯಲ್ಲಿ ಹೀಗೆ ಬರೆದಿದ್ದೇನೆ: ತಿದ್ದಿದವರು, ಲಿಫ್ಟ್ ಮೆಕ್ಯಾನಿಕ್. ತೊಂದರೆ ಒದಗಿಸಿದವರು, ಅವರೇ. ಕಾರಣ ಪತ್ತೆಹಚ್ಚಿದವರು, ಅವರ ಹೆಂಡತಿ. ಇನ್ನು, ಗಂಡನ ಬಗ್ಗೆ ದಾಖಲಾದ ಎರಡನೆಯ ದೂರು ಹಾಗೇ ತೆರೆದಿದೆ. ಅದನ್ನು ಮುಚ್ಚಬಹುದೇ?”

“ಯಾವ ದೂರು ಭಾವ?” ಎಂದ ಬಾಮೈದ, ಮತ್ತು ಉತ್ತರಕ್ಕೆ ಕಾಯದೆ ಆ ಪುಟ ತೆರೆದ.

ಲಿಫ್ಟ್ ಮೆಕ್ಯಾನಿಕ್ ‘ಮುಚ್ಚಿ’ ಎಂದು ಬರೆಯಲು ಕೈ ಚಾಚಿದ. ಹೆಂಡತಿ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಅದು ಈಗ ರಿಪೇರಿಯಾಗಿತ್ತು, ಆದ್ದರಿಂದ ಅವಳದು. ಪಟ್ಟಿ ಕಟ್ಟಿದ ಕೈಯಿಂದ, ಒಂದು ಅಕ್ಷರವೂ ತಡವರಿಸದಂತೆ ಬರೆದಳು: “ಬೇಡ. ಪರಿಶೀಲನೆ ನಡೆಯುತ್ತಿದೆ.”

ಆ ದೂರು ಈಗಲೂ ತೆರೆದೇ ಇದೆ. ಅದರ ಕೆಳಗೆ ಬೇರೆ ಬೇರೆ ದೇಶಗಳಿಂದ ಹದಿನಾಲ್ಕು ಮಂದಿ ಹೆಂಗಸರು, “ನಮ್ಮಲ್ಲೂ ಇದೇ ತೊಂದರೆ” ಎಂದು ಬರೆದಿದ್ದಾರೆ. ಅವರಲ್ಲಿ ಮೂವರ ಮನೆಯಲ್ಲಿ ಲ್ಯಾಪ್‌ಟಾಪೇ ಇಲ್ಲವಂತೆ.